ಗಡಿಯಾಚೆಯ ಗಿರಾಕಿ, ತೆರಿಗೆಯ ಲೆಕ್ಕ

ಸಂಕೇಶ್ವರದಲ್ಲಿ ಬಸ್ಸು ಹತ್ತಿದವರು ಗಂಟೆ ತುಂಬುವುದರೊಳಗೆ ಗಡಹಿಂಗ್ಲಜದಲ್ಲಿ ಇಳಿಯುತ್ತಾರೆ. ಅಲ್ಲಿಯ ಪೇಟೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಹೆಣ್ಣು ಕೊಟ್ಟು ತಂದ ನಂಟು ಎರಡೂ ಕಡೆಗೆ ಹಬ್ಬಿದೆ. ಹುಕ್ಕೇರಿ ತಾಲೂಕಿನ ಅಂಗಡಿಕಾರನ ಕಣ್ಣಿಗೆ ಗಡಿ ಕಾಣುವುದೇ ಇಲ್ಲ. ತೆರಿಗೆಯ ಕಾನೂನಿಗೆ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ. ಸದ್ಭಕ್ತರ ಮನೆಗಳಲ್ಲಿ ಚಿಕ್ಕಪುಟ್ಟ ವ್ಯಾಪಾರ ಮಾಡುವವರೇ ಹೆಚ್ಚಾಗಿರುವುದರಿಂದ ಈ ತಿಂಗಳು ನಾವು ಇದನ್ನೇ ಎತ್ತಿಕೊಂಡಿದ್ದೇವೆ.

ಹಿರಿಯರಿಗೆ ಹಳೆಯ ಕಾಲ ನೆನಪಿರಬೇಕು. 1956ರ ಕೇಂದ್ರ ಮಾರಾಟ ತೆರಿಗೆ ಕಾಯಿದೆಯಂತೆ ಹೊರರಾಜ್ಯದ ವರ್ತಕನಿಗೆ ಮಾಲು ಮಾರಿದವರು ಅವನಿಂದ ‘ಸಿ’ ನಮೂನೆ ತರಿಸಿಕೊಳ್ಳಬೇಕಾಗಿತ್ತು. 1990ರ ದಶಕದಲ್ಲಿ ಅದು ಕೈಸೇರಿದರೆ ಸಾಮಾನ್ಯವಾಗಿ ನೂರಕ್ಕೆ 4 ತೆರಿಗೆ. ಸೇರದಿದ್ದರೆ ಅದರ ಎರಡು ಪಟ್ಟಿಗೂ ಮೀರಿದ ಹೊರೆ. ಆ ಒಂದು ಹಾಳೆಗಾಗಿ ಕೊಲ್ಲಾಪುರಕ್ಕೆ ಎಷ್ಟು ಅಲೆದಾಟ! 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಬಹುತೇಕ ಸರಕುಗಳಿಗೆ ಆ ನಮೂನೆ ಇಲ್ಲವಾಯಿತು, ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳೂ ತೆರವಾದವು. ಇನ್ನು ಗಡಿಯೇ ಇಲ್ಲವೆಂದು ಹಲವರು ನಂಬಿದರು. ತೊಡಕು ಹುಟ್ಟಿದ್ದು ಆ ನಂಬಿಕೆಯಿಂದಲೇ.

ಗೋಕಾವಿಯ ಕರದಂಟನ್ನೇ ತೆಗೆದುಕೊಳ್ಳೋಣ. ಮನೆಯಲ್ಲಿ ಬೆಲ್ಲ, ಅಂಟು, ಕೊಬ್ಬರಿ, ಉತ್ತತ್ತಿ ಕೂಡಿಸಿ ಕರದಂಟು ಮಾಡಿ ಮಾರುವ ತಾಯಿಯೊಬ್ಬಳು ಕರ್ನಾಟಕದೊಳಗಷ್ಟೇ ಮಾರಿದರೆ, ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ನೋಂದಣಿಯ ಅಗತ್ಯವಿಲ್ಲ. ಅದೇ ಕರದಂಟಿನ ಅರ್ಧ ಕಿಲೋ ಪೊಟ್ಟಣವನ್ನು ಕೊಲ್ಲಾಪುರದ ಗಿರಾಕಿಗೆ ಮಾರಿ ಕೊರಿಯರಿನಲ್ಲಿ ಕಳಿಸಿದರೆ, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. (ಮಗಳ ಮನೆಗೆ ಕಳಿಸಿದ ಡಬ್ಬಿ ಮಾರಾಟವಲ್ಲ, ಅಂಜಬೇಕಿಲ್ಲ.) ನೋಂದಣಿಗೆ ಸರಕಾರಿ ಶುಲ್ಕವಿಲ್ಲ ನಿಜ. ಆದರೆ ಏನೂ ಮಾರದ ಅವಧಿಗೂ ಲೆಕ್ಕಪತ್ರ ಸಲ್ಲಿಸಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಒಂದೂವರೆ ಕೋಟಿಯೊಳಗಿನ ವರ್ತಕರು ನೂರಕ್ಕೆ 1ರಂತೆ ಕಟ್ಟುವ ರಾಜಿ ತೆರಿಗೆ ಪದ್ಧತಿ ಹಗುರವಾದದ್ದು. ಆ ಪದ್ಧತಿಯವರು ಗಡಿಯಾಚೆಯಿಂದ ಕೊಳ್ಳಬಹುದು, ಗಡಿಯಾಚೆಗೆ ಮಾರುವಂತಿಲ್ಲ.

ಗಿರಾಕಿಯೇ ಅಂಗಡಿಗೆ ಬಂದರೆ? ನೋಂದಣಿಯಿಲ್ಲದ ಗಿರಾಕಿ ಕಟ್ಟೆಯ ಮೇಲೆ ಹಣ ಕೊಟ್ಟು ಒಯ್ದರೆ ಅದು ಇಲ್ಲಿಯ ಮಾರಾಟವೇ. ಆದರೆ 2023ರ ಅಕ್ಟೋಬರ್ 1ರಿಂದ, ಬಿಲ್ಲಿನಲ್ಲಿ ಅವನ ಗಡಹಿಂಗ್ಲಜದ ವಿಳಾಸ ಬರೆದರೆ ಮಾರಾಟ ಮಹಾರಾಷ್ಟ್ರದ್ದೆಂದು ಎಣಿಸಲ್ಪಡುತ್ತದೆ. ಒಂದು ಸಾಲಿನ ಬರಹಕ್ಕೆ ಇಷ್ಟು ಬೆಲೆ!

ಮೂಡಲಗಿಯ ಗಾಣದವರ ಸ್ಥಿತಿ ಬೇರೆ. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ. ಅದನ್ನಷ್ಟೇ ಮಾರುವವರು ಯಾವ ರಾಜ್ಯಕ್ಕೆ ಕಳಿಸಿದರೂ ನೋಂದಣಿ ಬೇಕಿಲ್ಲ. ಆದರೆ 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲಕ್ಕೆ ನೂರಕ್ಕೆ 5 ತೆರಿಗೆ. ಪೆಂಟಿಯಾಗಿದ್ದಾಗ ಮುಕ್ತವಾಗಿದ್ದ ಬೆಲ್ಲವು ಕಿಲೋ ಪೊಟ್ಟಣವಾಗಿ ಗಡಿ ದಾಟಿದರೆ ನೋಂದಣಿಯನ್ನೂ ಬೇಡುತ್ತದೆ. ನಾಲ್ಕು ಕಾಸು ಹೆಚ್ಚು ಕಾಣಲೆಂದು ಪೊಟ್ಟಣ ಕಟ್ಟುವ ತರುಣರು ಇದನ್ನು ಮೊದಲೇ ಲೆಕ್ಕಹಾಕಲಿ.

ಮೊಬೈಲಿನ ಜಮೆಯೂ ಈಗ ಸಾಕ್ಷಿ ಹೇಳುತ್ತದೆ. 2025ರ ಜುಲೈನಲ್ಲಿ ಯುಪಿಐ ಹಣದ ಆಧಾರದ ಮೇಲೆ ನಮ್ಮ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಬಂದು ಗದ್ದಲವಾಯಿತು. ಕೈಗಡ, ಮಗ ಕಳಿಸಿದ ಹಣ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಯಲ್ಲಿ ಕಲೆತರೆ ಯಾವುದು ಯಾವುದೆಂದು ತೋರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ವ್ಯಾಪಾರದ ಖಾತೆ ಬೇರೆಯೇ ಇರಲಿ.

ತೆರಿಗೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಕಾಯಕದ ಗಳಿಕೆಯಲ್ಲಿ ಸಮಾಜದ ಪಾಲೂ ಇದೆ. ಆದರೆ ಹೊರರಾಜ್ಯಕ್ಕೆ ಸೇವೆ ಒದಗಿಸುವವರಿಗೆ 20 ಲಕ್ಷದವರೆಗೆ ನೋಂದಣಿಯಿಂದ ವಿನಾಯಿತಿಯುಂಟು. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೂ ಉಂಟು. ಮರದ ಗೊಂಬೆಗಳು ಆ ಪಟ್ಟಿಯಲ್ಲಿವೆ. ಆದ್ದರಿಂದ ಗೋಕಾವಿಯ ಗೊಂಬೆ ಮಾಡುವವರು ಪ್ಯಾನ್ ಸಂಖ್ಯೆ ಪಡೆದು, ಮಾಲಿನ ಬೆಲೆ ಎಷ್ಟೇ ಇರಲಿ ಇ-ವೇ ಬಿಲ್ ಮಾಡಿಸಿ, ಪುಣೆಗೆ ಕಳಿಸಬಹುದು. ಅದೇ ಓಣಿಯ ಕರದಂಟಿನ ತಾಯಿಗೆ ಆ ಅವಕಾಶವಿಲ್ಲ. ನಮ್ಮ ಶಾಸಕರೂ ಸಂಸದರೂ ಕೇಳಬೇಕಾದ ಪ್ರಶ್ನೆಯಿದು.