ವಯಸ್ಕರಿಗೆ ದೇಹಶಾಸ್ತ್ರವೇಕೆ?

ದೇಶ ಸುತ್ತು, ಇಲ್ಲವೆ ಕೋಶ ಓದು ಎಂಬುದು ಹಿರಿಯರ ಮಾತು. ಕೋಶವೆಂದರೆ ಪುಸ್ತಕವೆಂದಷ್ಟೇ ನಾನು ತಿಳಿದಿದ್ದೆ. ನಮ್ಮ ಮೈಯೊಳಗೇ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆಯೆಂದೂ ಅವನ್ನೂ ಓದಬೇಕೆಂದೂ ನನಗೆ ತೋರಿಸಿಕೊಟ್ಟವಳು ನನ್ನ ಅಕ್ಕ.

ಅಕ್ಕನಿಗೆ ಈಗ 31 ವರ್ಷ. ಎಸ್.ಎಸ್.ಎಲ್.ಸಿ. ಮುಗಿದೊಡನೆ ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯೊಂದಕ್ಕೆ ಸೇರಿದಳು. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ನನ್ನನ್ನು ಓದಿಸಿದ್ದು ಅವಳ ಹೊಲಿಗೆಯ ಸಂಬಳ. ಎರಡು ವರ್ಷಗಳ ಹಿಂದೆ ಅವಳಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ವೈದ್ಯರು ರಕ್ತ ಪರೀಕ್ಷಿಸಿ, ಹಿಮೋಗ್ಲೋಬಿನ್ 8 ಇದೆಯೆಂದು ಹೇಳಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

"ಬಿ.ಎ. ಓದ್ತಿದ್ದೀಯಲ್ಲೋ, ಹಿಮೋಗ್ಲೋಬಿನ್ ಅಂದ್ರೆ ಏನು ಹೇಳು" ಎಂದು ಅಕ್ಕ ಕೇಳಿದಳು. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ನಾಲ್ಕು ಪುಟ ಬರೆಯಬಲ್ಲ ನನಗೆ ಉತ್ತರ ತೋಚಲಿಲ್ಲ.

ನಾಲ್ಕು ತಿಂಗಳ ಕಾಲ ಅವಳು ಆ ಮಾತ್ರೆಯನ್ನು ಕಾರ್ಖಾನೆಯ ಬಿಡುವಿನಲ್ಲಿ ಟೀ ಜೊತೆಗೆ ನುಂಗಿದಳು. ರಕ್ತ ಏರಲಿಲ್ಲ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟು, ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ನಿಂಬೆಯ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ಇಷ್ಟು ಸಣ್ಣ ಸಂಗತಿಯೂ ನಮಗೆ ತಿಳಿದಿರಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ.

ಅಕ್ಕ ಸುಮ್ಮನಾಗಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪಿ.ಯು.ಸಿ. ಮಟ್ಟದ ಪರೀಕ್ಷೆಗೆ ಹೆಸರು ಕೊಟ್ಟು, ಜೀವಶಾಸ್ತ್ರವನ್ನು ಆರಿಸಿಕೊಂಡಳು. "ಈ ವಯಸ್ಸಲ್ಲಿ ಡಾಕ್ಟ್ರಾಗ್ತೀಯೇನೇ?" ಎಂದು ನೆರೆಯವರು ನಕ್ಕರು. ವೈದ್ಯಕೀಯ ಪ್ರವೇಶ ಪರೀಕ್ಷೆಗಿದ್ದ ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆಂಬುದು ನಿಜ. ಆದರೆ ಅಕ್ಕನ ಉತ್ತರವೇ ಬೇರೆ: "ಮಿಷನ್ ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ನಂಗೆ ಗೊತ್ತಾಗುತ್ತೆ. ನನ್ನ ಮೈ ನಂಗೆ ಗೊತ್ತಾಗಬೇಡ್ವಾ?"

ಮೂವತ್ತು ದಾಟಿದವರ ತಲೆಗೆ ಹೊಸ ವಿದ್ಯೆ ಹತ್ತದೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪಲಾರೆ. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಹಾದುಹೋಗುತ್ತವೆ. ಒತ್ತಡ ಹೆಚ್ಚಿದರೆ ಬೆರಳು ಜೋಮು ಹಿಡಿಯುತ್ತದೆ. ಇದನ್ನು ನಾನು ಬಾಯಿಪಾಠ ಮಾಡಬೇಕಾಯಿತು. ಅಕ್ಕನಾದರೋ, "ಒಂದೇ ಸೂಜಿಕಣ್ಣಿಗೆ ಹತ್ತು ದಾರ ಪೋಣಿಸಿದ ಹಾಗೆ" ಎಂದುಬಿಟ್ಟಳು. ಅನುಭವವೇ ಅವಳಿಗೆ ಅರ್ಧ ಪಾಠ ಕಲಿಸಿತ್ತು.

ಅವಳಿಗಿರುವ ತೊಡಕು ವಯಸ್ಸಿನದಲ್ಲ, ವೇಳೆಯದು ಮತ್ತು ಭಾಷೆಯದು. ದುಡಿಯುವವರಿಗಾಗಿ ಇರುವ ಸಂಜೆ ಕಾಲೇಜುಗಳಲ್ಲಿ ಕಲೆ, ವಾಣಿಜ್ಯಗಳೇ ಹೆಚ್ಚು. ಅವಳು ಓದುವ ಪುಸ್ತಕ ಇಂಗ್ಲಿಷಿನದು. ರಾತ್ರಿ ಹತ್ತರ ಮೇಲೆ ನಾನು ನಿಘಂಟು ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಮೊದಲ ಸಲ ಅವಳು ತೇರ್ಗಡೆಯಾಗಲಿಲ್ಲ. ಮತ್ತೆ ಕಟ್ಟಿದ್ದಾಳೆ.

ಕನ್ನಡದಲ್ಲಿ ಇದು ಆಗದ ಕೆಲಸವೇ? ಕಾಲೇಜು ಓದನ್ನು ನಡುವೆಯೇ ಬಿಟ್ಟ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡಿಗರಿಗೆ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ವಿದ್ವಾಂಸರನ್ನು ಹಳ್ಳಿಗಳ ಜನರ ಬಳಿಗೆ ಕರೆದೊಯ್ದವು. ಅಂದು ಹಳ್ಳಿಗೆ ಹೋದ ವಿದ್ಯೆ ಇಂದು ಪೀಣ್ಯಕ್ಕೆ ಬರಬಾರದೇಕೆ?

ಆದುದರಿಂದ ಅಧ್ಯಾಪಕ ಮಹನೀಯರಲ್ಲಿ ನನ್ನದೊಂದು ವಿನಂತಿ. ನಮ್ಮ ಕಾಲೇಜಿನ ಕೊಠಡಿಗಳು ಭಾನುವಾರ ಬರಿದಾಗಿರುತ್ತವೆ. ಅಲ್ಲಿ ದುಡಿಯುವವರಿಗಾಗಿ ಎರಡು ಗಂಟೆ ಕನ್ನಡದಲ್ಲಿ ದೇಹಶಾಸ್ತ್ರದ ಪಾಠವಾಗಲಿ. ವಿಜ್ಞಾನ ಬಲ್ಲವರನ್ನು ಬೇರೆ ಕಾಲೇಜುಗಳಿಂದ ಬರಮಾಡಿಕೊಳ್ಳೋಣ. ಇಂಗ್ಲಿಷನ್ನು ತಿಳಿಗನ್ನಡಕ್ಕೆ ತರುವ ಕೆಲಸವನ್ನು ಕಲಾ ವಿದ್ಯಾರ್ಥಿಗಳಾದ ನಾವು ಹೊರೋಣ. ನಮ್ಮನ್ನು ಓದಿಸಿದ ಕೈಗಳಿಗೆ ನಾವು ತೀರಿಸಬೇಕಾದ ಋಣ ಅದು.

ಅಕ್ಕನ ಹಿಮೋಗ್ಲೋಬಿನ್ ಈಗ 11. ಇನ್ನೂ ಒಂದು ಏರಬೇಕೆಂದು ನನಗೆ ಹೇಳಿದವಳೂ ಅವಳೇ.