ಅಜ್ಜಿ ಹೆಸರು ಕಾರ್ಡಿನಾಗೆ, ಅಕ್ಕಿ ಯಾರ ಮನ್ಯಾಗೆ?

ನೋಡ್ರಮ್ಮ, ಈ ಸಲ ನೀವು ನನ್ನ ಮ್ಯಾಲೆ ಸಿಟ್ಟಾಗ್ತೀರ. ಆಗ್ರಿ. ಹುರಳಿ ಸಾರು, ಹಪ್ಪಳ, ಅವರೆಕಾಳು ಅಂತ ಬರೆದಾಗೆಲ್ಲ ಚೆನ್ನಾಗೈತೆ ಅಂದ ಅತ್ತಿಗೆದೀರು, ಚಿಗಮ್ಮದೀರಿಗೇ ಇವತ್ತಿನ ಮಾತು. ನಾವು ನಮ್ಮನೆ ಮುದುಕರ ಪಾಲಿನ ಅಕ್ಕಿ ತಿಂತಾ ಇದೀವಿ.

ನಮ್ಮ ಹಿಂದಿನ ಬೀದಿಯಾಗೆ ಒಬ್ರು ಅಜ್ಜಿ ಅವ್ರೆ, ಒಬ್ರೇ. ಎಷ್ಟು ವರ್ಷ ಅಜ್ಜಿ ಅಂದ್ರೆ, "ಕಣಿವೆ ಕೋಡಿ ಬಿದ್ದಾಗ ನಮ್ಮವ್ವನ ಹೊಟ್ಟೆಯಾಗಿದ್ನಂತೆ" ಅಂತಾರೆ. ಕೋಡಿ ಬಿದ್ದಿದ್ದು 1933ರಾಗೆ. ಆಮೇಲೆ ಬಿದ್ದಿದ್ದು 2022ಕ್ಕೆ, ಎಂಬತ್ತೊಂಬತ್ತು ವರ್ಷ ಕಳೆದ ಮ್ಯಾಲೆ; ಅದನ್ನೂ ಅಜ್ಜಿ ಕೋಲು ಊರ್ಕೊಂಡು ಹೋಗಿ ನೋಡಿ ಬಂದ್ರು. ಅಂದ್ರೆ ತೊಂಬತ್ತು ದಾಟೈತೆ. ಆಧಾರ್‌ನಾಗೆ ಮಾತ್ರ ಎಪ್ಪತ್ತೆಂಟು. ಆಧಾರ್ ಮಾಡಿದ ಹುಡುಗ ಮುಖ ನೋಡಿ ಒಂದು ಇಸವಿ ಊಹೆ ಮಾಡಿ, ಜನವರಿ ಒಂದು ಅಂತ ಹಾಕಿ ಕಳಿಸಿದ್ನಂತೆ.

ಈ ಅಜ್ಜಿ ಹೋದ ತಿಂಗಳು ಚೀಲ ಹಿಡ್ಕಂಡು ನ್ಯಾಯಬೆಲೆ ಅಂಗಡಿಗೆ ಹೋದ್ರೆ, "ನಿಮ್ಮ ಕಾರ್ಡಿಂದು ಈ ತಿಂಗಳದು ಆಗ್ಹೋಗೈತೆ ಅಜ್ಜಿ" ಅಂದ್ರಂತೆ. ಯಾರು ತಗಂಡ್ರು? ಬೆಂಗಳೂರಾಗಿರೋ ಸೊಸೆ. ಕಾರ್ಡಿನಾಗೆ ಐದು ಹೆಸರು: ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಅಜ್ಜಿ. ರಾಜ್ಯದಾಗೆ ಯಾವ ಅಂಗಡಿಯಾಗಾದ್ರೂ ತಗಬಹುದು ಅಂತ ಸರ್ಕಾರ ಸವಲತ್ತು ಮಾಡೈತೆ, ದುಡಿಯಾಕೆ ಹೋದವರಿಗೆ ಒಳ್ಳೇದೇ ಆತು. ಆದ್ರೆ ಅಲ್ಲಿ ಸೊಸೆ ಹೆಬ್ಬೆಟ್ಟು ಒತ್ತಿದ್ರೆ ಐದು ಜನದ ಪಾಲೂ ಅಲ್ಲೇ ಇಳೀತೈತೆ. ಮಗ ಕೆಟ್ಟೋನಲ್ಲ. ಹಬ್ಬಕ್ಕೆ ಬರ್ತಾನೆ, ಸೀರೆ ತರ್ತಾನೆ. ಅಕ್ಕಿ ವಿಷಯ ಅವನಿಗೆ ಹೊಳೆದೇ ಇಲ್ಲ.

ಅವನ ಮಾತು ಬಿಡ್ರಿ, ನನಗೇ ಹೊಳೆದಿರಲಿಲ್ಲ. ನಮ್ಮತ್ತೆ ಏಳು ತಿಂಗಳು ಹೊಸದುರ್ಗದಾಗೆ ನಾದಿನಿ ಮನೆಯಾಗಿದ್ರು. ಏಳು ತಿಂಗಳೂ ನಾನು ಬೆಟ್ಟು ಒತ್ತಿ ಅತ್ತೆ ಪಾಲು ತಂದೆ, ಬೇಯಿಸಿದೆ, ಇಡ್ಲಿಗೆ ನೆನೆ ಹಾಕಿದೆ. ಒಂದಿನ ಅತ್ತೆ ಫೋನಿನಾಗೆ "ನನ್ನ ಅಕ್ಕಿ ಏನ್ ಮಾಡ್ತಿದೀಯೇ?" ಅಂದ್ರು. ನಾನು ನಕ್ಕು, ಅದೇನು ನಿಮ್ಮ ಅಕ್ಕಿ ನಮ್ಮ ಅಕ್ಕಿ ಅತ್ತೆ, ಅಂದೆ. ಅವರು ನಗಲಿಲ್ಲ. ನಾದಿನಿ ಮನ್ಯಾಗೆ ಏಳು ತಿಂಗಳು ಬರಿಗೈಯಾಗೆ ಕುಂತು ಉಣ್ಣಾದು ಹೆಂಗಿರ್ತೈತೆ ಅನ್ನಾದು ನನಗೆ ಆಮೇಲೆ ತಿಳೀತು.

ಸರ್ಕಾರವನ್ನ ಬೈಯಾಕೆ ನಾವು ಮುಂದು. ಬೈಯಾಣ, ಅದಕ್ಕೂ ಕಾರಣ ಐತೆ. ಆದ್ರೆ ಕಾಯ್ದೆ ಏನು ಹೇಳ್ತೈತೆ ಅಂತ ಮೊದಲು ನೋಡ್ರಿ. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕಾರ್ಡಿಗೆ ತಲೆಗೆ 5 ಕೆಜಿ ಅಂತ ಬರೆದೈತೆ. ತಲೆಗೆ ಅಂದ ಮ್ಯಾಲೆ ಆ ತಲೆ ಎಲ್ಲೈತೋ ಅಲ್ಲಿಗೆ ಅಲ್ವೇನ್ರಿ? ಅದೇ ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ಕಾಗದದಾಗೆ ಅಜ್ಜಿ ಯಜಮಾನಿ, ಚೀಲ ಹಿಡ್ಕಂಡು ವಾಪಸ್ ಬರೋಳೂ ಅವಳೇ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಬದಲು 2023ರ ಜುಲೈಯಿಂದ ಕೆಜಿಗೆ 34 ರೂಪಾಯಿಯಂತೆ ದುಡ್ಡು ಹಾಕಿದ್ರಲ್ಲ, ಅದೂ ಯಜಮಾನಿ ಖಾತೆಗೇ ಬಂತು. ಪಾಸ್‌ಬುಕ್ಕು ಯಾರ ಬೀರುವಿನಾಗಿತ್ತು ಅಂತ ಒಬ್ಬೊಬ್ರೂ ನೆನಪು ಮಾಡ್ಕಳ್ರಿ.

ಒಬ್ಬರೇ ಇರೋ ಮುದುಕರಿಗೆ ಆದ್ಯತಾ ಕಾರ್ಡಿಗಿಂತ ಬೇರೆದೇ ಕಾರ್ಡ್ ಐತೆ: ಅಂತ್ಯೋದಯ. 2000ದಾಗೆ ಶುರುವಾಗಿದ್ದು. ಮನ್ಯಾಗೆ ಒಬ್ಬರಿದ್ರೂ ಹತ್ತು ಜನ ಇದ್ರೂ ತಿಂಗಳಿಗೆ 35 ಕೆಜಿ. 2003ರ ಮೇ ತಿಂಗಳಾಗೆ ಸುಪ್ರೀಂ ಕೋರ್ಟು, ಆಸರೆ ಇಲ್ಲದ, ಗಟ್ಟಿ ಆದಾಯ ಇಲ್ಲದ 60 ದಾಟಿದವರನ್ನ, ದಿಕ್ಕಿಲ್ಲದ ವಿಧವೆಯರನ್ನ, ಒಂಟಿ ಹೆಂಗಸರನ್ನ ಅಂತ್ಯೋದಯಕ್ಕೆ ಸೇರಿಸ್ರಿ ಅಂತ ಆದೇಶ ಮಾಡ್ತು. ಇಪ್ಪತ್ತು ವರ್ಷದ ಮ್ಯಾಲಾತು. ನಮ್ಮ ಬೀದಿಯಾಗೆ ಎಷ್ಟು ಜನಕ್ಕೆ ಗೊತ್ತಿತ್ತು? ನನಗಂತೂ ಗೊತ್ತಿರಲಿಲ್ಲ. "ಮುದುಕಿ ಒಬ್ಳಿಗೆ ಮೂವತ್ತೈದು ಕೆಜಿ ಯಾಕೆ" ಅಂತ ನಮ್ಮ ದೊಡ್ಡಮ್ಮನೇ ಕೇಳಿದ್ರು. ಅಜ್ಜಿ ಎಷ್ಟು ಉಣ್ತಾಳೆ ಅಂತ ಅಳೆಯಾಕೆ ನಾವ್ಯಾರು ದೊಡ್ಡಮ್ಮ? ರಾಗಿ ಕೊಟ್ಟ ತಿಂಗಳು ಬೀಸಿಸ್ಕಂಡು, ಎರಡು ಹೊತ್ತು ಮುದ್ದೆ ತಿರುವ್ಕಂಡು, ಬಂದ ಮೊಮ್ಮಗನಿಗೂ ಒಂದು ತುತ್ತು ಇಕ್ತಾಳೆ.

"ಕಾರ್ಡ್ ಬೇರೆ ಮಾಡಿದ್ರೆ ಮನೆ ಒಡೆದಂಗೆ ಆಗ್ತೈತೆ, ಜನ ಏನಂತಾರೆ" ಅನ್ನಾದು ಎಲ್ರ ಮನೆಯಾಗೂ ಕೇಳಿದ ಮಾತು. ಒಲೆ ಬೇರೆಯಾಗಿ ಹತ್ತು ವರ್ಷ ಆತು, ಕಾರ್ಡ್ ಒಂದೇ ಉಳಿಸ್ಕಂಡು ಯಾರಿಗೆ ಮಾನ ಉಳಿಸ್ತೀರ? ಒಬ್ಬರ ಹೆಸರು ಒಂದೇ ಕಾರ್ಡಿನಾಗೆ ಇರಬೇಕು. ಅಜ್ಜಿ ಹೆಸರು ಮಗನ ಕಾರ್ಡಿಂದ ತೆಗೆಸದ ಹೊರತು ಅಜ್ಜಿಗೆ ಇನ್ನೊಂದು ಕಾರ್ಡ್ ಆಗಾದಿಲ್ಲ. ತೆಗೆಸಬೇಕಾದೋರು ಬೆಂಗಳೂರಿನ ಸೊಸೆಯಂಥೋರು, ಅಂದ್ರೆ ನಾವು.

ಮಾಡಾದು ಹೆಂಗೆ ಅಂದ್ರೆ: ಮೊದಲು ನಾಡಕಚೇರಿಯಾಗೆ ಅಜ್ಜಿ ಹೆಸರಿಗೇ ಆದಾಯ ಪ್ರಮಾಣಪತ್ರ ಮಾಡಿಸ್ರಿ. ಒಂದು ಸಲ ಮಾಡಿಸಿದ್ರೆ ಐದು ವರ್ಷ ನಡೀತೈತೆ. ವರ್ಷದ ಆದಾಯ 1.20 ಲಕ್ಷದ ಒಳಗಿರಬೇಕು. ಆಧಾರ್, ಅಜ್ಜಿದೇ ಒಂದು ಮೊಬೈಲ್ ನಂಬರ್ (ಮಗಂದು ಕೊಟ್ರೆ ಓಟಿಪಿ ಬೆಂಗಳೂರಿಗೆ ಹೋಗ್ತೈತೆ, ಆ ಕಷ್ಟ ಪಟ್ಟಿದೀನಿ), ಇವು ಇಟ್ಕಂಡು ಗ್ರಾಮ ಒನ್‌ಗೆ ಹೋಗ್ರಿ. ಹೊಸ ಅರ್ಜಿ, ಹೆಸರು ತೆಗೆಯಾದು ವರ್ಷವಿಡೀ ತೆಗೆದಿರಾದಿಲ್ಲ. ಕೆಲವೇ ದಿನ ಬಿಡ್ತಾರೆ, ಆ ದಿನ ಸರ್ವರ್ ಬ್ಯಾರೆ ಇರಾದಿಲ್ಲ. ಇದು ಸರ್ಕಾರದ ತಪ್ಪೇ. ಹಸಿವಿಗೆ ದಿನಾಂಕ ಐತೇನು? ಅದಕ್ಕೇ ಕಾಗದ ಮೊದಲೇ ಜೋಡಿಸಿ ಇಟ್ಕಳ್ರಿ ಅನ್ನಾದು. ಜೊತೆಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ, "ಒಬ್ಬಳೇ ಇದೀನಿ, ಆಸರೆ ಇಲ್ಲ, ಅಂತ್ಯೋದಯ ಕೊಡ್ರಿ" ಅಂತ ಬಿಳಿ ಹಾಳೆಯಾಗೆ ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿ ಮ್ಯಾಲೆ ಮೊಹರು ಹಾಕಿಸ್ಕಂಡೇ ಬರ್ರಿ. ಮೊಹರಿಲ್ಲದ ಅರ್ಜಿ ಕೊಟ್ಟಂಗೂ ಅಲ್ಲ, ಬಿಟ್ಟಂಗೂ ಅಲ್ಲ.

ಇನ್ನು ಬೆಟ್ಟಿನ ಸಮಾಚಾರ. ಶೇಂಗಾ ಬಿಡಿಸಿ, ಕಳೆ ಕಿತ್ತು, ಬೂದಿಯಾಗೆ ಪಾತ್ರೆ ತಿಕ್ಕಿ ಗೆರೆ ಸವೆದೋದ ಕೈ ಅದು. ಮಿಷಿನ್ನು ಒಪ್ಪಾದಿಲ್ಲ. "ನಾಳೆ ಬಾ ಅಜ್ಜಿ" ಅಂದ್ರೆ ಅಜ್ಜಿ ನಾಳೆನೂ ಹೋಗ್ತಾಳೆ, ನಾಡಿದ್ದೂ ಹೋಗ್ತಾಳೆ, ಅಮ್ಯಾಕೆ ಹೋಗಾದು ಬಿಡ್ತಾಳೆ. 2017ರಾಗೆ ಗೋಕರ್ಣದಾಗೆ ಒಂದೇ ಮನೆ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ತೀರ್ಕಂಡ್ರು. ಆಧಾರ್ ಜೋಡಿಸಿಲ್ಲ ಅಂತ ಆ ಮನೆಗೆ ರೇಷನ್ ನಿಂತಿತ್ತು ಅಂತ ಪಿಯುಸಿಎಲ್‌ನೋರು ಹೋಗಿ ನೋಡಿ ವರದಿ ಬರೆದ್ರು. ಹಸಿವಿನಿಂದ ಸತ್ತಿದ್ದಲ್ಲ ಅಂತ ಅಧಿಕಾರಿಗಳು ಅಂದ್ರು. ಅದೇ ವರ್ಷ ಜಾರ್ಖಂಡ್‌ನಾಗೆ ಒಂದು ಹುಡುಗಿ ಸತ್ತ ಮ್ಯಾಲೆ, ಅಕ್ಟೋಬರ್ 24ಕ್ಕೆ ಕೇಂದ್ರದ ಆಹಾರ ಇಲಾಖೆ ಎಲ್ಲ ರಾಜ್ಯಕ್ಕೂ ಕಾಗದ ಬರೀತು: ಆಧಾರ್ ಇಲ್ಲ ಅಂತಾಗಲಿ, ಬೆಟ್ಟು ಕೂಡಲಿಲ್ಲ ಅಂತಾಗಲಿ ಕಾಳು ಇಲ್ಲ ಅನ್ನಬಾರದು, ಕಾರ್ಡ್ ನೋಡಿ ಕೊಟ್ಟು, ಬೇರೆ ಪುಸ್ತಕದಾಗೆ ಬರ್ಕಳ್ರಿ ಅಂತ. ಆ ಪುಸ್ತಕ ಕೇಳ್ರಿ. ಅಜ್ಜಿ ಒಬ್ಬಳೇ ಕೇಳಿದ್ರೆ ಗದರ್ತಾರೆ, ನಾಲ್ಕು ಜನ ಹೆಂಗಸರು ಸುತ್ತ ನಿಂತ್ಕಂಡು ಕೇಳಿದ್ರೆ ಪುಸ್ತಕ ಎಲ್ಲಿಂದಾದ್ರೂ ಬರ್ತೈತೆ. ಬರಲಿಲ್ಲ ಅಂದ್ರೆ ಅಲ್ಲೇ ನಿಂತು 1967ಕ್ಕೆ ಫೋನ್ ಮಾಡ್ರಿ, ದುಡ್ಡು ಬೀಳಾದಿಲ್ಲ.

ಎಂಬತ್ತು ದಾಟಿದವರೇ ಇರೋ ಮನೆಗೆ ರೇಷನ್ ಬಾಗಿಲಿಗೇ ತಂದು ಕೊಡ್ತೀವಿ ಅಂತ 2024-25ರ ಬಜೆಟ್‌ನಾಗೆ ಅನ್ನ ಸುವಿಧಾ ಅಂತ ಹೇಳಿದ್ರು. ವಯಸ್ಸಿನ ಮಿತಿ ಇಳಿಸೋ ಮಾತೂ ಬಂದೈತೆ, ಅಂಗಡಿಯಾಗೆ ವಿಚಾರಿಸ್ರಿ. ನಮ್ಮ ಅಜ್ಜಿ ಮಾತ್ರ ಆಧಾರ್ ಹುಡುಗನ ದೆಸೆಯಿಂದ ಎಪ್ಪತ್ತೆಂಟರಾಗೇ ನಿಂತವ್ರೆ. ಕೋಡಿ ಬಿದ್ದ ವರ್ಷ ಹುಟ್ಟಿದ್ದು ಅಂದ್ರೆ ಯಾವ ಕಂಪ್ಯೂಟರೂ ನಂಬಾದಿಲ್ಲ.

ಬೆಂಗಳೂರಿನ ಸೊಸೆಗೆ ನಾನೇ ಫೋನ್ ಮಾಡಿದ್ದೆ. ಮೊದಲು "ಅಕ್ಕ, ನೀವ್ಯಾಕೆ ನಮ್ಮನೆ ವಿಷಯಕ್ಕೆ" ಅಂದ್ಲು. ಆಮೇಲೆ ಸುಮ್ಮನಾದ್ಲು. ಹೆಸರು ತೆಗೆಸಾಕೆ ಒಪ್ಪವ್ಳೆ. ಅಲ್ಲಿಗಂಟ ಪ್ರತಿ ತಿಂಗಳು ಅಜ್ಜಿ ಪಾಲಿನ ದುಡ್ಡು ಫೋನ್‌ಪೇ ಮಾಡ್ತೀನಿ ಅಂದವ್ಳೆ. ನನ್ನ ಫೋನಿಗೆ ಬರ್ತೈತೆ, ಅಕ್ಕಿ ತಂದು ಕೊಡ್ತೀನಿ. ನಮ್ಮತ್ತೆ ವಾಪಸ್ ಬಂದವ್ರೆ. ಅವರ ಏಳು ತಿಂಗಳ ಲೆಕ್ಕ ನಾನಿನ್ನೂ ತೀರಿಸಿಲ್ಲ. ಅಜ್ಜಿಯ ಆದಾಯದ ಕಾಗದಕ್ಕೆ ಸೋಮವಾರ ನಾಡಕಚೇರಿಗೆ ಹೋಗ್ತೀನಿ. ನಿಮ್ಮ ಮನೆ, ನಿಮ್ಮ ಬೀದಿ ಮುದುಕರ ಆಧಾರ್ ಇದ್ರೆ ಭಾನುವಾರ ಸಂಜೆಯೊಳಗೆ ತಂದುಕೊಡ್ರಿ, ಒಟ್ಟಿಗೇ ಹೋಗಾಣ.