ಆಪ್ತ ಸಮಾಲೋಚಕರ ಸಂಬಳ ಯಾರ ಲೆಕ್ಕಕ್ಕೆ?

ಬಣ್ಣ, ಜಾತಿ, ಧರ್ಮ, ತೊದಲು ಮಾತು ಇತ್ಯಾದಿ ನೆಪದಲ್ಲಿ ಒಂದು ಮಗುವನ್ನು ಶಾಲೆಯಲ್ಲಿ ದಿನವೂ ಹಂಗಿಸಿದರೆ ನಾವು ಅದನ್ನು ಹುಡುಗಾಟಿಕೆ ಎನ್ನುತ್ತೇವೆ. ಮಗು ಶಾಲೆ ಬಿಟ್ಟರೆ ಓದು ತಲೆಗೆ ಹತ್ತಲಿಲ್ಲ ಎನ್ನುತ್ತೇವೆ. ಜೀವವೇ ಹೋದರೆ ತನಿಖೆಗೆ ಆಗ್ರಹಿಸುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2022ರಲ್ಲಿ ಆತ್ಮಹತ್ಯೆಯಿಂದ ಸಾವನ್ನಪ್ಪಿದ ವಿದ್ಯಾರ್ಥಿಗಳು 13,044. ಎಲ್ಲಕ್ಕೂ ಕಿರುಕುಳವೇ ಕಾರಣವಲ್ಲ, ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳಿರುತ್ತವೆ. ಆದರೆ ಮಕ್ಕಳ ಅಳಲು ಕೇಳಲು ತರಬೇತಾದ ಒಬ್ಬರು ಶಾಲೆಯಲ್ಲಿರಲಿ ಎಂದರೆ ಬರುವ ಉತ್ತರ ಒಂದೇ: ಹಣ ಎಲ್ಲಿದೆ?

ಹಣ ಉಳಿಸಿದರೆ ಏನಾಗುತ್ತದೆಂಬುದಕ್ಕೆ ಮುಝಫ್ಫರ್‌ನಗರವನ್ನು ನೋಡೋಣ. 2023ರ ಆಗಸ್ಟ್‌ನಲ್ಲಿ ಅಲ್ಲಿನ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ ಶಿಕ್ಷಕಿಯೇ ಮುಸ್ಲಿಮ್ ಬಾಲಕನ ಕೆನ್ನೆಗೆ ಸಹಪಾಠಿಗಳಿಂದ ಹೊಡೆಸಿದರು. ಬಾಲಕನಿಗೂ ಹೊಡೆದ ಮಕ್ಕಳಿಗೂ ತಜ್ಞರಿಂದ ಆಪ್ತ ಸಮಾಲೋಚನೆ ಕೊಡಿಸಿ ಎಂದು ಸುಪ್ರೀಮ್ ಕೋರ್ಟ್ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಹೊಡೆದವರೂ ಮಕ್ಕಳೇ, ಅವರೊಳಗೆ ತುಂಬಿದ ವಿಷವನ್ನೂ ಯಾರಾದರೂ ತೆಗೆಯಬೇಕಲ್ಲ! ನವೆಂಬರ್ ಬಂದರೂ ಆದೇಶ ಜಾರಿಯಾಗಿರಲಿಲ್ಲ. ಕೊನೆಗೆ ನ್ಯಾಯಾಲಯವೇ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ನೆರವು ಪಡೆಯಬೇಕಾಯಿತು. ವಕೀಲರು, ಅಫಿದಾವಿತ್‌ಗಳು, ವಿಚಾರಣೆಯ ಮೇಲೆ ವಿಚಾರಣೆ. ಇದೆಲ್ಲ ಯಾರ ದುಡ್ಡು?

2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಆದರೆ ಶಾಲೆಯಲ್ಲಿ ಏನೇನಿರಬೇಕೆಂದು ಅದೇ ಕಾಯ್ದೆ ಕೊಡುವ ಪಟ್ಟಿಯಲ್ಲಿ ಅಡುಗೆಕೋಣೆ, ಗ್ರಂಥಾಲಯ, ಆವರಣಗೋಡೆಗಳಿವೆಯೇ ಹೊರತು ಆಪ್ತ ಸಮಾಲೋಚಕರಿಲ್ಲ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅಂಥ ಒಬ್ಬರನ್ನಾದರೂ ನೇಮಿಸಬೇಕೆಂದು 2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ನ್ಯಾಯಾಲಯ ಆದೇಶ ಕೊಡಬಹುದು, ಸಂಬಳ ಕೊಡಲಾಗದು. ನಮ್ಮ ಹಳ್ಳಿಗಳ ಎಷ್ಟೋ ಸರಕಾರಿ ಶಾಲೆಗಳಲ್ಲಿ ನೂರು ಮಕ್ಕಳೇ ಇಲ್ಲ.

ಫೋನಿದೆಯಲ್ಲ ಎನ್ನಬಹುದು. ಹೌದು, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಒಳ್ಳೆಯ ಕೆಲಸವೇ, ಸಂಕಟದಲ್ಲಿರುವವರು ಖಂಡಿತ ಕರೆ ಮಾಡಲಿ. ಆದರೆ ಅದನ್ನು ನಡೆಸುವ ಕಾರ್ಯಕ್ರಮಕ್ಕೆ ಕೇಂದ್ರ ಬಜೆಟ್ 2023-24ರಲ್ಲಿ ಸುಮಾರು 134 ಕೋಟಿ ರೂ. ತೆಗೆದಿರಿಸಿದ್ದರೆ, ಮರುವರ್ಷ ಅದು 90 ಕೋಟಿಗೆ ಇಳಿಯಿತು. ಮಕ್ಕಳ ಸಂಕಟ ಅಷ್ಟು ಬೇಗ ಇಳಿಯಿತೇ?

ಸಮುದಾಯದ ವಿದ್ಯಾಸಂಸ್ಥೆಗಳನ್ನೂ ಕೇಳಬೇಕಾಗಿದೆ. ವಾರ್ಷಿಕೋತ್ಸವದ ಪೆಂಡಾಲಿಗೆ, ಹೆಬ್ಬಾಗಿಲಿನ ಗ್ರಾನೈಟಿಗೆ ದಾನಿಗಳು ಸಿಗುತ್ತಾರೆ. ನಾಲ್ಕು ಶಾಲೆಗಳು ಸೇರಿ ಒಬ್ಬ ಸಮಾಲೋಚಕಿಯನ್ನು ನೇಮಿಸಲು ಯಾಕೆ ಸಿಗುವುದಿಲ್ಲ? ಸರಕಾರಿ ಶಾಲೆಗಳ ಮಟ್ಟಿಗೆ ಇದು ದಾನದ ಮಾತಲ್ಲ. ಗಣಿತದ ಮೇಷ್ಟ್ರ ಹುದ್ದೆಯಂತೆ ಇದೂ ಮಂಜೂರಾದ ಹುದ್ದೆಯಾಗಬೇಕು, ಮುಂದಿನ ಬಜೆಟ್‌ನಲ್ಲೇ.